ವಿಶ್ವಾಸಿ ಹುಡುಗ

ಎರಡು ವರ್ಷದ ಹಿಂದಿನ ಮಾತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲ ಶುರುವಾದರೆ ನಮ್ಮ ಮನೆಗಳಲ್ಲಿ ಮದುವೆ ಮಾತು ಎತ್ತುವುದಿಲ್ಲ. ಅಷ್ಟರೊಳಗೆ ಮಗಳಿಗೊಂದು ಸಂಬಂಧ ಗಟ್ಟಿ ಮಾಡಬೇಕೆಂದು ನನಗೆ ಅವಸರವಿತ್ತು. ಮಗಳು ಸುನೀತಾ ಚಿತ್ತಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ಶಹಾಬಾದಿನಿಂದ ದಿನಾ ರೈಲಿಗೆ ಹೋಗಿ ಬರುತ್ತಾಳೆ. ಆಗ ಇಪ್ಪತ್ತೊಂಬತ್ತು ತುಂಬಿತ್ತು. ಯಜಮಾನರು ತೀರಿಕೊಂಡ ಮೇಲೆ ಈ ಚಿಂತೆ ನನ್ನೊಬ್ಬಳದೇ. ಅವಳದು ಒಂದೇ ಮಾತು: “ಹುಡುಗ ವಿಶ್ವಾಸಿ ಇರ್ಬೇಕು ನೋಡಮ್ಮ. ಉಳದದ್ದು ಹ್ಯಾಂಗಿದ್ರೂ ನಡೀತದ.”

ಚರ್ಚಿನ ನಮ್ಮ ಮಂದಿಗೆ ವಿಶ್ವಾಸಿ ಎಂದರೆ ಯೇಸುವನ್ನು ಮನಸಾರೆ ನಂಬಿದವರು. ವಿಶ್ವಾಸಿ ಹುಡುಗ ಬೇಕು ಎಂದಷ್ಟೇ ನಾನು ಓಣಿಯ ಟೇಲರ್ ಮೆಹಬೂಬ್ ಭಾಯಿಗೂ ಹೇಳಿದ್ದೆ. ಒಂದು ದಿನ ಬ್ಲೌಸ್ ತರಲು ಹೋದಾಗ ಅವರೇ ಕರೆದು ಹೇಳಿದರು: “ಅಕ್ಕೋರ, ವಾಡಿಯೊಳಗ ನನ್ನ ದೋಸ್ತನ ಮನಿ ಬಾಜೂಕ ಒಬ್ಬ ಹುಡುಗ ಇದ್ದಾನ. ನಿಮ್ಮ ಚರ್ಚಿನ ಮಂದೀನೇ. ಹೆಸರು ಆನಂದ, ಎಲೆಕ್ಟ್ರಿಷಿಯನ್ ಕೆಲಸ. ಭಾಳ ವಿಶ್ವಾಸಿ.” ನಾನು ಬೇರೇನೂ ಕೇಳಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಆನಂದ ತನ್ನ ತಾಯಿಯೊಡನೆ ಬಂದ. ಮೆಹಬೂಬ್ ಭಾಯಿಯೂ ಜತೆಗಿದ್ದರು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿದ್ದೆ. ಪ್ಲೇಟು ಇಟ್ಟು, “ಪ್ರಾರ್ಥನಾ ನೀವೇ ಮಾಡ್ರಿ” ಎಂದು ಅವನಿಗೆ ಹೇಳಿದೆ. ಹೆಣ್ಣು ನೋಡಲು ಬಂದವನಿಗೆ ನಮ್ಮ ಮನೆತನದಲ್ಲಿ ಹೀಗೆ ಹೇಳುವುದು ರೂಢಿ. ಮರ್ಯಾದೆಯೂ ಹೌದು, ಒಂದು ನಮೂನಿ ಪರೀಕ್ಷೆಯೂ ಹೌದು. ಎಲ್ಲರೂ ಕಣ್ಣು ಮುಚ್ಚಿದೆವು. ಸಪ್ಪಳವೇ ಇಲ್ಲ. ಕಣ್ಣು ತೆರೆದರೆ ಅವನು ನನ್ನನ್ನೇ ನೋಡುತ್ತಿದ್ದ.

“ನನಗ ನಂಬಿಕಿ ಇಲ್ರಿ ಆಂಟಿ. ಕ್ರಿಸ್‌ಮಸ್ಸಿಗೆ ಅವ್ವನ ಸಂಗಟ ಚರ್ಚಿಗೆ ಹೋಗ್ತೀನಿ, ಅಷ್ಟೇ. ನಿಮಗ ಮೊದಲೇ ಗೊತ್ತದ ಅನ್ಕೊಂಡಿದ್ದೆ.”

ನಾನು ಮೆಹಬೂಬ್ ಭಾಯಿಯ ಕಡೆ ತಿರುಗಿದೆ. “ವಿಶ್ವಾಸಿ ಅಂದಿದ್ರಲ್ಲ?”

“ಹೌದಲ್ರಿ. ಮನಿ ಕೀಲಿ ಇವನ ಕೈಯಾಗ ಕೊಟ್ಟು ಊರಿಗಿ ಹೋಗ್ರಿ, ಒಂದು ಚಮಚ ಆಕಡಿ ಈಕಡಿ ಆಗಂಗಿಲ್ಲ. ಇನ್ನೆಂಥಾ ವಿಶ್ವಾಸ ಬೇಕ್ರಿ?”

ಆನಂದನ ತಾಯಿ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಪ್ರಾರ್ಥನೆಯನ್ನು ಅವರೇ ಮಾಡಿದರು.

ಅಷ್ಟರಲ್ಲಿ ಹುಡುಗ ನನಗೆ ಹಿಡಿಸಿಬಿಟ್ಟಿದ್ದ. ಅವನು ಕೈ ತೊಳೆಯಲು ಅಡುಗೆಮನೆಗೆ ಬಂದಾಗ, ಸುನೀತಾ ಅಲ್ಲೇ ಚಹಾ ಸೋಸುತ್ತಿದ್ದರೂ ಲೆಕ್ಕಿಸದೆ, ಮೆಲ್ಲಗೆ ಹೇಳಿದೆ: “ನೋಡಪಾ, ನಂಬ್ತೀನಿ ಅಂತ ಒಂದು ಮಾತು ಅಂದುಬಿಡು. ಮದುವಿ ಆದಮ್ಯಾಲ ನಂಬಿಕಿ ತಾನಾಗೇ ಬರ್ತದ.”

“ಬರಲಿಲ್ಲಂದ್ರ? ಇವ್ರು ಜೀವನ ಪೂರ್ತಿ ನನ್ನ ಸುಳ್ಳಿನ ಸಂಗಟ ಬಾಳ್ವಿ ಮಾಡ್ಬೇಕಾಗ್ತದಲ್ರಿ. ದೇವರ ಹೆಸರಿನ ಮ್ಯಾಲ ಸುಳ್ಳು ಹೇಳೂದು ನನಗ ಆಗೂದಿಲ್ಲ ಆಂಟಿ.”

ಈಗಷ್ಟೇ ಆರಾಧನೆಯಿಂದ ಬಂದವಳು ನಾನು. ಸುಳ್ಳು ಹೇಳಲು ಹಚ್ಚಿದವಳೂ ನಾನೇ.

ಸುನೀತಾ ಅವನಿಗೆ ಮೊದಲ ಕಪ್ಪು ಕೊಟ್ಟಳು. “ಖರೇ ಹೇಳಿದ್ದು ಛಲೋ ಆತ್ರಿ. ಆದ್ರ ನಾ ಒಲ್ಲೆ ಅಂತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ವಾರ್ಡಿನ್ಯಾಗ ಯಾರರೆ ತೀರಿಕೊಂಡ ದಿನ ನಾ ಮನಿಗಿ ಬಂದು ಮೊಣಕಾಲೂರ್ತೀನಿ. ಬಾಜೂಕ ಕುಂತು ಆಮೆನ್ ಅನ್ನೋರು ಬೇಕು ನನಗ.”

“ನಿಮ್ಮ ಜಾಗಾದಾಗ ನಾ ಇದ್ರೂ ಹಂಗೇ ಅಂತಿದ್ದೆ” ಎಂದ ಅವನು.

ಅವರು ಹೋದ ಮೇಲೆ ನಾನು ಸಿಟ್ಟು ಮಾಡಿದೆ. ಇಂಥಾ ಹುಡುಗ ಮತ್ತೆ ಎಲ್ಲಿ ಸಿಗ್ತಾನ ಎಂದೆ. ಸುನೀತಾ ನನಗೆ ಬೆನ್ನು ಮಾಡಿ ಕಪ್ಪು ತೊಳೆಯುತ್ತಿದ್ದಳು. “ಛಲೋ ಹುಡುಗ ಅಂತ ನನಗೂ ಗೊತ್ತದ ಅಮ್ಮ. ಅದಕ್ಕೇ ಇಷ್ಟು ತ್ರಾಸ ಆಗಾಕತ್ತದ” ಎಂದಳು.

ಅವಳ ಮದುವೆ ಇನ್ನೂ ಆಗಿಲ್ಲ. ನಾನೀಗ ಅವಸರ ಮಾಡುವುದಿಲ್ಲ. ಸೇಡಂನ ತಂಗಿಯ ಮನೆಗೆ ಹೋಗುವಾಗ ವಾಡಿ ಸ್ಟೇಷನ್ನಿನಲ್ಲಿ ಆನಂದ ಒಮ್ಮೊಮ್ಮೆ ಸಿಗುತ್ತಾನೆ. ನನ್ನ ಚೀಲ ಹಿಡಿದು ಗಾಡಿ ಹತ್ತಿಸುತ್ತಾನೆ, ಸುನೀತಾ ಹೇಗಿದ್ದಾಳೆ ಎಂದು ಕೇಳುತ್ತಾನೆ. ಅವತ್ತು ಅಡುಗೆಮನೆಯಲ್ಲಿ ನಾನು ಹಾಗೆ ಅಂದದ್ದು ತಪ್ಪಾಯಿತಪ್ಪಾ ಎಂದು ಹೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಗಾಡಿ ಬಿಡುವತನಕ ಆ ಮಾತು ಬಾಯಿಗೆ ಬರುವುದಿಲ್ಲ.