ಕೇಬಲಿನವರ ಇಸ್ಪೀಟು ಪಂದ್ಯ

ಕಳೆದ ತಿಂಗಳು ಉಡುಪಿಯ ಬನ್ನಂಜೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವರು ನನ್ನ ಫೋನನ್ನು ಬಿಚ್ಚಿ ಬೆಸುಗೆ ಹಾಕುತ್ತಿದ್ದರು. ಕಾದ ಸೀಸದ ಜೊತೆ ರಾಳ ಕರಗುವ ವಾಸನೆ ಬಂತು. ಧೂಪದ ಹಾಗೆ ಸಿಹಿ, ಗಂಟಲಿಗೆ ಮಾತ್ರ ಸ್ವಲ್ಪ ಕಾರ... ಕಾಪುವಿನಲ್ಲಿ ಹಿಟ್ಟಿನ ಗಿರಣಿಯ ಮೇಲಿದ್ದ ಒಂದು ಕೋಣೆ ಒಮ್ಮೆಲೇ ಕಣ್ಣ ಮುಂದೆ ಬಂತು, ಅಲ್ಲಿ ಸ್ಟೂಲಿನ ಮೇಲೆ ಬಗ್ಗಿ ಕುಳಿತಿರುತ್ತಿದ್ದ ಕೇಬಲಿನವರೂ ಬಂದರು.

ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು. ದುಬೈಯಲ್ಲಿ ಟಿವಿ ರಿಪೇರಿ ಮಾಡಿಕೊಂಡಿದ್ದವರು ಊರಿಗೆ ಮರಳಿ, ಮನೆಮನೆಗೆ ಕೇಬಲ್ ಎಳೆದರು. ಆಮೇಲೆ ತಮ್ಮದೇ ಒಂದು ಲೋಕಲ್ ಚಾನೆಲ್ ತೆರೆದರು. ಅದರಲ್ಲಿ ಮದುವೆ, ಭಜನೆ, ಶಾಲಾ ವಾರ್ಷಿಕೋತ್ಸವ ಬರುತ್ತಿದ್ದವು. ಕ್ಯಾಮೆರಾ ಹಿಡಿಯುವವರೂ ಅವರೇ, ತಂತಿ ಕಡಿದರೆ ಕಂಬ ಹತ್ತುವವರೂ ಅವರೇ. ನಾನು ಆಗ ಕಾರ್ಕಳದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಬಾಡಿಗೆಗಿದ್ದ ಮನೆ ಗಿರಣಿಯ ಪಕ್ಕದಲ್ಲೇ ಇತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ಒಂದು ಶನಿವಾರ ಮಧ್ಯಾಹ್ನ ನಮ್ಮ ಟಿವಿಯಲ್ಲಿ ಚುಕ್ಕೆ ಬರುತ್ತಿದೆಯೆಂದು ಹೇಳಲು ಮೆಟ್ಟಿಲು ಹತ್ತಿದ್ದೆ. ಕೇಬಲಿನವರು ಇಂಗ್ಲಿಷ್ ಕ್ರೀಡಾ ಚಾನೆಲ್ ಒಂದನ್ನು ನೋಡುತ್ತಿದ್ದರು. ಅದರಲ್ಲಿ ಕ್ರೀಡೆ ಎನ್ನುವಂಥದ್ದು ಏನೂ ಕಾಣಲಿಲ್ಲ. ಕೆಲವರು ದುಂಡು ಮೇಜಿನ ಸುತ್ತ ಸುಮ್ಮನೆ ಕುಳಿತಿದ್ದರು, ಹಿನ್ನೆಲೆಯಲ್ಲಿ ಒಬ್ಬ ವಿವರಣೆ ಹೇಳುತ್ತಿದ್ದ.

“ಟೀಚರ್, ಎಂತ ಹೇಳ್ತಾ ಇದ್ದಾನೆ ಇವ?” ಎಂದರು.

ಅದು ಪೋಕರ್ ಪಂದ್ಯಗಳ ಸರಣಿ. ಪ್ರತಿ ಪಂದ್ಯಕ್ಕೂ ಬೇರೆ ತಂಡಗಳು. ವಕೀಲರದೊಂದು, ನಗಿಸುವವರದೊಂದು, ಗಣಿತ ಓದಿದವರದೊಂದು, ಹೆಂಗಸರದೊಂದು. ನನಗೆ ಇಸ್ಪೀಟಿನ ಗಂಧವೂ ಇರಲಿಲ್ಲ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೀಗೆ ಇಬ್ಬರು ಅಜ್ಞಾನಿಗಳು ಸೇರಿ ಶನಿವಾರಗಳಲ್ಲಿ ಆ ಆಟ ಕಲಿತೆವು. ಒಬ್ಬೊಬ್ಬರ ಕೈಯಲ್ಲಿ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ. ಎರಡನ್ನೂ ಸೇರಿಸಿ ಯಾರದು ದೊಡ್ಡದೋ ಅವರದು ಗೆಲುವು. ಆದರೆ ಪಣ ಏರಿಸಿದಾಗ ಎದುರಿನವನು ಹೆದರಿ ಎಲೆ ಮಗುಚಿಟ್ಟರೆ, ಕೈಯಲ್ಲಿ ಏನೂ ಇಲ್ಲದವನೂ ಗೆಲ್ಲಬಹುದು.

ಇದಕ್ಕೆ ಬ್ಲಫ್ ಅನ್ನುತ್ತಾರೆ, ಸುಳ್ಳು ಅಂತ ಇಟ್ಟುಕೊಳ್ಳಿ ಎಂದೆ. ಅವರು ಒಪ್ಪಲಿಲ್ಲ.

“ಸುಳ್ಳು ಹೇಗೆ ಆಗ್ತದೆ? ಬಾಯೇ ತೆರೆಯುವುದಿಲ್ಲ ಅಲ್ವಾ ಇವರು?”

ಅವರಿಗೆ ಎಲೆಗಿಂತ ಮುಖಗಳ ಮೇಲೆಯೇ ಕುತೂಹಲ. ವಕೀಲರು ಸೋಲುವಾಗ ಹೇಗೆ ಕಾಣುತ್ತಾರೆ, ನಗಿಸುವವರು ಗೆಲ್ಲುವಾಗ ಯಾಕೆ ನಗುವುದಿಲ್ಲ, ಇಂಥದ್ದೇ ಪ್ರಶ್ನೆಗಳು. ಒಂದು ದಿನ, ಕಲ್ಲಿನ ಹಾಗೆ ಕುಳಿತ ಆಟಗಾರನೊಬ್ಬನನ್ನು ತೋರಿಸಿ, ಈ ಮುಖ ನಮ್ಮ ಊರಲ್ಲೇ ಉಂಟಲ್ವಾ ಎಂದರು. ಯಾರ ಮುಖ ಎಂದು ನನಗೆ ಕೂಡಲೇ ಗೊತ್ತಾಯಿತು.

ನಾನು ದಿನಾ ಉಡುಪಿಗೆ ಹೋಗಿ, ಅಲ್ಲಿಂದ ಕಾರ್ಕಳಕ್ಕೆ ಹಿಡಿಯುತ್ತಿದ್ದ ಬಸ್ಸಿನ ಡ್ರೈವರ್ ಕಾಪುವಿನವನೇ. ಹಾಡು ಹಾಕಿಕೊಂಡು, ಕಾಲೇಜಿನ ಮಕ್ಕಳನ್ನು ಗದರಿಸಿಕೊಂಡು ಬಸ್ಸು ಬಿಡುತ್ತಿದ್ದ. ಕೆಲವು ತಿಂಗಳ ಹಿಂದೆ ಒಂದು ದಿನ, ಹಿರಿಯಡ್ಕ ದಾಟಿದ ಮೇಲೆ ಒಂದು ತಿರುವಿನಲ್ಲಿ ಬೈಕೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಬಸ್ಸು ಚರಂಡಿಗೆ ವಾಲಿತು. ಒಬ್ಬ ಅಜ್ಜಿಯ ಕಾಲು ಮುರಿಯಿತು. ತಪ್ಪು ಅವನದಲ್ಲವೆಂದು ಪೊಲೀಸರೂ ಹೇಳಿದರು, ಅಜ್ಜಿಯೂ ಹೇಳಿದರು. ಅವನು ಮಾತ್ರ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮನೆಯ ಜಗಲಿಯಲ್ಲಿ ಕುಳಿತಿರುತ್ತಿದ್ದ. ಯಾರು ಮಾತಾಡಿಸಿದರೂ ಆ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ.

ಕೇಬಲಿನವರು ಕಾಪುವಿನಲ್ಲೇ ತಂಡಗಳ ಪಂದ್ಯ ಮಾಡುತ್ತೇನೆಂದು ಹೊರಟರು. ಬಸ್ಸಿನವರು, ಮೀನಿನವರು, ಹೋಟೆಲಿನವರು ಎಂದು ತಂಡಗಳಾದವು. ಹೆದ್ದಾರಿಯ ಬದಿಯಲ್ಲಿ ಕಟ್ಟಡ ಕಟ್ಟುತ್ತಿದ್ದ ಬಾಗಲಕೋಟೆಯ ಗಾರೆಯವರೂ ಬಂದರು. ಟಿವಿಯಲ್ಲಿ ಇಸ್ಪೀಟು ತೋರಿಸಿ ಊರು ಹಾಳು ಮಾಡುತ್ತೀರಾ ಎಂದು ಹಿರಿಯರು ಕೆಲವರು ಗದರಿದರು. ಹಾಗಾಗಿ ದುಡ್ಡಿನ ಮಾತೇ ಇಲ್ಲವೆಂದು ಮೊದಲೇ ಸಾರಲಾಯಿತು. ಪಣಕ್ಕೆ ಚೆನ್ನೆಮಣೆಯ ಕೆಂಪು ಮಂಜೊಟ್ಟಿ ಬೀಜಗಳು, ಗೆದ್ದವರಿಗೆ ಮೀನಿನವರು ಕೊಡುವ ಒಂದು ದೊಡ್ಡ ಅಂಜಲ್ ಮೀನು.

ಬಸ್ಸಿನವರ ತಂಡಕ್ಕೆ ಡ್ರೈವರನ್ನು ಕರೆಯಲು ಕೇಬಲಿನವರೇ ಹೋದರು. ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ. ಅವನ ಹೆಂಡತಿಯೇ ಶರ್ಟು ಇಸ್ತ್ರಿ ಮಾಡಿಕೊಟ್ಟು ದಬ್ಬಿದಳೆಂದು ಆಮೇಲೆ ಕೇಳಿದೆ.

ಆಟ ಗಿರಣಿಯ ಮೇಲಿನ ಕೋಣೆಯಲ್ಲೇ. ಅಲ್ಲಿನ ಮೇಜು ಕೇಬಲಿನವರ ಹೆಮ್ಮೆ. ಹಲಗೆಯನ್ನು ಅಲ್ಲಲ್ಲಿ ಕೊರೆದು ಗಾಜು ಕೂರಿಸಿ, ಅಡಿಯಲ್ಲಿ ಪುಟ್ಟ ಕ್ಯಾಮೆರಾಗಳನ್ನು ಇಟ್ಟಿದ್ದರು. ಆಟಗಾರರು ಎಲೆಯನ್ನು ಗಾಜಿನ ಮೇಲೆ ಇಡಬೇಕು. ಎದುರಿನವನಿಗೆ ಕಾಣದ್ದು ಮನೆಯಲ್ಲಿ ಕುಳಿತವರಿಗೆಲ್ಲ ಕಾಣುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಟಿವಿ ನೋಡಿಕೊಂಡು ಕನ್ನಡದಲ್ಲಿ ವಿವರಣೆ ಹೇಳಬೇಕಿತ್ತು. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಪ್ರಸಾರ. ಕೆಲವೇ ವಾರಗಳಲ್ಲಿ ಹೆಂಗಸರೂ ಅಂಗಡಿಯವರೂ ಬಾಯಿತುಂಬ ಬ್ಲಫ್ ಅನ್ನತೊಡಗಿದರು.

ಗಾರೆಯವರು ಎಲ್ಲರನ್ನೂ ಹೆದರಿಸಿ ಮುಂದೆ ಬಂದರು, ಕೊನೆಗೆ ಡ್ರೈವರನ ಮುಖಕ್ಕೆ ಸೋತರು. ಫೈನಲ್ ಬಸ್ಸಿನವರಿಗೂ ಹೋಟೆಲಿನವರಿಗೂ. ಆ ದಿನ ಹೋಟೆಲಿನ ತಂಡದಲ್ಲಿದ್ದ ಅಡುಗೆಯವರೊಬ್ಬರು ಮದುವೆಗೆಂದು ಕಾರ್ಕಳಕ್ಕೆ ಹೋದವರು ಬರಲೇ ಇಲ್ಲ. ಅವರ ಜಾಗಕ್ಕೆ ಕೇಬಲಿನವರೇ ಕುಳಿತರು. ಕ್ಯಾಮೆರಾದ ಮುಂದೆ ಅವರು ಬಂದದ್ದು ಅದೇ ಮೊದಲು.

ಕೊನೆಗೆ ಉಳಿದವರು ಅವರು ಮತ್ತು ಡ್ರೈವರ್. ಕೇಬಲಿನವರ ಕೈಯಲ್ಲಿ ಎರಡು ರಾಜ, ನಡುವೆ ಇನ್ನೊಂದು. ಮೂರು ರಾಜರೆಂದರೆ ಸಣ್ಣ ಬಲವಲ್ಲ. ಆದರೆ ನಡುವಿನ ಐದರಲ್ಲಿ ನಾಲ್ಕು ಎಲೆ ಕಳಾವರ್. ಒಂದೇ ಜಾತಿಯ ಐದು ಎಲೆ ಸೇರಿದರೆ ಅದು ಇನ್ನೂ ದೊಡ್ಡದು. ಡ್ರೈವರನ ಬಳಿ ಒಂದೇ ಒಂದು ಕಳಾವರ್ ಇದ್ದರೂ ಮೂರು ರಾಜರು ಸತ್ತಂತೆ. ನಾನು ನೋಡಿದೆ, ಅವನ ಬಳಿ ಇದ್ದದ್ದು ಕೆಂಪು ಏಳು, ಕೆಂಪು ಎರಡು. ಊರೆಲ್ಲ ನೋಡಿತು. ಡ್ರೈವರ್ ತನ್ನ ಬೀಜಗಳನ್ನೆಲ್ಲ ಅಂಗೈಯಲ್ಲಿ ಮುಂದಕ್ಕೆ ತಳ್ಳಿದ.

ಕೇಬಲಿನವರು ಆ ಮುಖವನ್ನೇ ನೋಡಿದರು. ತುಂಬಾ ಹೊತ್ತು... ಮತ್ತೆ ತಮ್ಮ ಎಲೆಗಳನ್ನು ಮಗುಚಿ ಬದಿಗಿಟ್ಟರು.

ಮರುದಿನ ಬಸ್ ನಿಲ್ದಾಣದಲ್ಲಿ ಎಲ್ಲರದೂ ಒಂದೇ ಮಾತು. ಕೇಬಲಿನವರು ಬೇಕೆಂದೇ ಸೋತರು, ಪಾಪದವನನ್ನು ಗೆಲ್ಲಿಸಿದರು, ಎಂಥ ದೊಡ್ಡ ಮನಸ್ಸು ಅಂತ. ನನಗೂ ಹಾಗೆಯೇ ಅನಿಸಿತ್ತು.

ಸಂಜೆ ನಾನು ಗಿರಣಿಯ ಮೇಲಿದ್ದಾಗ ಡ್ರೈವರ್ ಬಂದ. ಬಾಗಿಲಲ್ಲೇ ನಿಂತ.

“ನನ್ನ ಹೆಂಡತಿ ಮನೆಯಲ್ಲಿ ನೋಡ್ತಾ ಇದ್ದಳು. ನಿಮ್ಮ ಹತ್ತಿರ ಮೂರು ರಾಜ ಇತ್ತಂತೆ.”

“ಇತ್ತು.”

“ನನ್ನನ್ನು ಕಂಡು ಪಾಪ ಅಂತ ಆಯ್ತಾ?”

ತಿಂಗಳುಗಟ್ಟಲೆ ಕರುಣೆ ತಿಂದು ಸಾಕಾದವನ ದನಿ ಅದು. ಕೇಬಲಿನವರು ಕೆಲಸ ಬಿಟ್ಟು ಎದ್ದು ನಿಂತರು.

“ಪಾಪ ಎಂತದು ಮಾರಾಯ! ನಿನ್ನ ಹತ್ತಿರ ಕಳಾವರ್ ಉಂಟು ಅಂತಲೇ ನಾನು ಗ್ರಹಿಸಿದ್ದು. ಎಲೆ ನೋಡಿದ್ದು ಊರಿನವರು. ನಾನು ನೋಡಿದ್ದು ನಿನ್ನ ಮುಖ.”

ಅವನು ನಂಬಲಿಲ್ಲ. ಹಾಗಾದರೆ ಇನ್ನೊಮ್ಮೆ ಆಡಿ, ಕ್ಯಾಮೆರಾ ಬೇಡ ಎಂದ ಅವನು.

ಗಾಜನ್ನು ಬಟ್ಟೆಯಿಂದ ಮುಚ್ಚಿ ಇಬ್ಬರೂ ಕುಳಿತರು, ಎಲೆ ಹಂಚಿದ್ದು ನಾನು. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ನನಗೂ ಯಾರ ಕೈಯಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಆಗ ಆ ಮುಖವನ್ನು ಸರಿಯಾಗಿ ನೋಡಿದೆ. ಓದಲು ಅಲ್ಲಿ ಏನೂ ಇರಲಿಲ್ಲ. ಕೆಳಗೆ ಗಿರಣಿಯ ಸದ್ದು ನಿಂತಿತ್ತು. ಸ್ವಲ್ಪ ಹೊತ್ತು ಅತ್ತ ಇತ್ತ ಆದ ಮೇಲೆ ಡ್ರೈವರ್ ಬೀಜಗಳನ್ನೆಲ್ಲ ಮುಂದಕ್ಕೆ ತಳ್ಳಿದ. ಕೇಬಲಿನವರ ಹಣೆಯಲ್ಲಿ ಬೆವರು. ಎಲೆ ಎತ್ತಿ ನೋಡಿದರು, ಇಟ್ಟರು, ಮತ್ತೆ ನೋಡಿದರು. ಕೊನೆಗೆ ಬೇಡ ಎಂದು ಮಗುಚಿದರು.

ಡ್ರೈವರ್ ತನ್ನ ಎಲೆ ತಿರುಗಿಸಿದ. ಮೂರು ಮತ್ತು ಎಂಟು. ನಡುವಿನ ಯಾವುದಕ್ಕೂ ಸಂಬಂಧವಿಲ್ಲ.

ಕೇಬಲಿನವರು ಅದನ್ನೇ ನೋಡುತ್ತ ಉಳಿದರು. ಕಿವಿಯ ತುದಿಯವರೆಗೆ ಕೆಂಪಾದರು. ಆಮೇಲೆ ತಲೆಗೆ ತಾವೇ ಒಂದು ಹೊಡೆದುಕೊಂಡು ತುಳುವಿನಲ್ಲಿ ತಮ್ಮನ್ನೇ ಬೈದುಕೊಂಡರು, ಇಲ್ಲಿ ಬರೆಯುವಂಥದ್ದಲ್ಲ. ಅವರ ಕೈಯಲ್ಲಿದ್ದದ್ದು ಎರಡು ಎಕ್ಕ, ಎಲ್ಲಕ್ಕಿಂತ ದೊಡ್ಡ ಜೋಡಿ. ಅಂಥ ಸಿಟ್ಟನ್ನು ಯಾರೂ ನಟಿಸಲಾರರು.

ಡ್ರೈವರನ ಮೂಗಿನಿಂದ ಮೊದಲು ಒಂದು ಸದ್ದು ಬಂತು. ಮತ್ತೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ನಿಜವಾಗಿ ಹೆದರಿದಿರಾ?” ಎಂದು ಮತ್ತೆ ಮತ್ತೆ ಕೇಳಿದ. ಹೌದು ಮಾರಾಯ, ಹೌದು ಎಂದು ಕೇಬಲಿನವರು ಅಷ್ಟೇ ಸಲ ಹೇಳಿದರು. ಮೆಟ್ಟಿಲಿಳಿದು ಹೋಗುವಾಗಲೂ ಅವನ ನಗು ಕೇಳುತ್ತಿತ್ತು.

ಆ ನಗುವಿನಿಂದಲೇ ಎಲ್ಲ ಸರಿಯಾಯಿತು ಎಂದು ನಾನು ಹೇಳಲಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಉಡುಪಿ-ಮಣಿಪಾಲದ ನಡುವೆ ಬಸ್ಸು ಬಿಡತೊಡಗಿದ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಾರ್ಕಳದ ಬಸ್ಸು ಹತ್ತಿದರೆ ಅವನೇ ಇದ್ದ. ಹಿರಿಯಡ್ಕದ ಆ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ತಿರುವು ದಾಟಿದ ಮೇಲೆ ಅವನು ಹಾಡು ಹಾಕಿದ.

ಪಂದ್ಯ ಮತ್ತೆ ನಡೆಯಲಿಲ್ಲ. ಮನೆಗಳ ಮೇಲೆ ಡಿಶ್‌ಗಳು ಬಂದವು, ಲೋಕಲ್ ಚಾನೆಲ್ ನಿಂತಿತು. ನನಗೆ ಉಡುಪಿಗೆ ವರ್ಗವಾಯಿತು. ಕೇಬಲಿನವರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು...

ಬನ್ನಂಜೆಯಿಂದ ಮನೆಗೆ ಬಂದವಳು ಮರುದಿನವೇ ಕಾಪುವಿಗೆ ಹೋದೆ. ಕೇಬಲಿನವರ ಹೆಂಡತಿ ನನ್ನನ್ನು ಗುರುತಿಸಿ, ಒಳಗೆ ಕೂರಿಸಿ, ಒಂದು ವಿಷಯ ಹೇಳಿದರು. ಊರಿನ ಎಷ್ಟೋ ಮದುವೆಗಳ ವೀಡಿಯೊ ತೆಗೆದ ಮನುಷ್ಯ, ಒಂದರಲ್ಲೂ ತಾನಿಲ್ಲ. ಅವರು ಓಡಾಡುವುದು, ಮಾತಾಡುವುದು ಇದ್ದದ್ದು ಆ ಫೈನಲಿನ ಕ್ಯಾಸೆಟ್ಟಿನಲ್ಲಿ ಮಾತ್ರ. ಅದಕ್ಕೆ ಬೂಷ್ಟು ಹಿಡಿದಿತ್ತು. ಅಳಿಯ ಉಡುಪಿಗೆ ಒಯ್ದು ಎಷ್ಟು ಸಾಧ್ಯವೋ ಅಷ್ಟನ್ನು ಮೊಬೈಲಿಗೆ ಹಾಕಿಸಿ ತಂದಿದ್ದರಂತೆ.

ಅವರು ಅದನ್ನು ನನಗೆ ತೋರಿಸಿದರು. ಉಳಿದದ್ದು ಮೇಜಿನ ಅಡಿಯ ಕ್ಯಾಮೆರಾದ ಒಂದು ಸಣ್ಣ ತುಣುಕು. ಗಾಜಿನ ಆಚೆ ಎರಡು ರಾಜರು, ಅವುಗಳ ಅಂಚನ್ನು ಮೆಲ್ಲಗೆ ಎತ್ತುವ ಬೆರಳುಗಳು. ಅಷ್ಟರಲ್ಲಿ ಚಿತ್ರ ಹರಿದು ಹೋಗುತ್ತದೆ. ಮುಖ ಬರುವುದಿಲ್ಲ.

ಅವರು ಯಾವ ಆಟ, ಯಾರು ಗೆದ್ದರು ಎಂದು ಕೇಳಲಿಲ್ಲ. “ಬೆರಳು ಅವರದ್ದೇ ಅಲ್ವಾ ಟೀಚರ್?” ಎಂದರು.

ಹೌದು ಎಂದೆ. ಅವರು ಇನ್ನೊಮ್ಮೆ ಹಾಕಿದರು.