ಬಾಡಿಗೆ ಇಳಿಯುವವರೆಗೆ

ನನ್ನ ಗಂಡನ ಉದ್ಯೋಗ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ನನಗೆ ಇಂದಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ದುಬೈಯಲ್ಲಿ ಕಟ್ಟಡ ಕಟ್ಟಬೇಕಾದರೆ ಮೊದಲು ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಗಳ ವಿವರ ಓದುವುದೇ ಇವರ ಕೆಲಸ. ಯಾವ ಏರಿಯಾ, ಎಷ್ಟು ಮಾಳಿಗೆ, ಮನೆಯೋ ಆಫೀಸೋ ಹೋಟೆಲೋ ಎಂದು ನೋಡಿ, ಇನ್ನೆರಡು ವರ್ಷಕ್ಕೆ ಅಲ್ಲಿ ಬಾಡಿಗೆ ಏರುತ್ತದೋ ಇಳಿಯುತ್ತದೋ ಎಂದು ಬರೆದುಕೊಡುವುದು. ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಕುಳಿತು ಇವರು ಬರೆದದ್ದನ್ನು ನಂಬಿ ದುಡ್ಡಿದ್ದವರು ದುಡ್ಡು ಹಾಕುತ್ತಿದ್ದರು. ನಾವು ಅಲ್ ಕುಸೈಸ್‌ನ ಹಳೇ ಕಟ್ಟಡದ ಬಾಡಿಗೆ ಮನೆಯಲ್ಲಿದ್ದೆವು.

ಶನಿವಾರ ಬಂತೆಂದರೆ ಬೇರೆಯವರು ಮಕ್ಕಳನ್ನು ಮಾಲ್‌ಗೋ ಬೀಚಿಗೋ ಕರೆದುಕೊಂಡು ಹೋಗುತ್ತಾರೆ. ಇವರು ನಮ್ಮನ್ನು ಖಾಲಿ ಸೈಟು ನೋಡಲು ಕರೆದೊಯ್ಯುತ್ತಿದ್ದರು. ತಗಡಿನ ಬೇಲಿ ಹಾಕಿದ ಮರಳಿನ ಎದುರು ಕಾರು ನಿಲ್ಲಿಸಿ, "ಇಲ್ಲಿ ದೊಡ್ಡ ಕಟ್ಟಡ ಬರ್ತದೆ. ಎಲ್ಲ ಫ್ಯಾಮಿಲಿ ಫ್ಲಾಟ್" ಎನ್ನುವರು. ಆಗಲೇ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದಾರೇನೋ ಎಂಬಂತೆ ತಲೆಯೆತ್ತಿ ನೋಡುವರು. ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಇಟ್ಸ್ ಜಸ್ಟ್ ಸ್ಯಾಂಡ್" ಎನ್ನುವಳು. "ನಿನ್ನ ಅಪ್ಪನಿಗೆ ಅಡಿಪಾಯ ಹಾಕುವ ಮೊದಲೇ ಲಿಫ್ಟ್ ಕಾಣ್ತದೆ ಮಗಾ" ಎಂದು ನಾನು ಚುಡಾಯಿಸುತ್ತಿದ್ದೆ. ಇವರೂ ನಗುತ್ತಿದ್ದರು.

ಪರಿಚಯದವರಿಗೆ ಇವರೊಬ್ಬ ಜೋಯಿಸರು. ಯಾರ ಮನೆಯ ಪೂಜೆಗೆ ಹೋದರೂ ಊಟದ ಹೊತ್ತಿಗೆ ಇವರ ಸುತ್ತ ನಾಲ್ಕು ಜನ. "ಅಲ್ ಬರ್ಷಾದಲ್ಲಿ ಮನೆ ನೋಡುದಾ, ಸ್ವಲ್ಪ ಕಾಯುದಾ?" ಇವರದು ಹೆಚ್ಚಾಗಿ ಒಂದೇ ಉತ್ತರ, ಸ್ವಲ್ಪ ಕಾಯಿರಿ. ನನಗೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಕಟ್ಟಡದ ಎಲ್ಲ ಬಾಡಿಗೆದಾರರಿಗೂ ನೋಟಿಸು ಬಂತು. ಕಟ್ಟಡ ಕೆಡಹುತ್ತೇವೆ, ಒಂದು ವರ್ಷದೊಳಗೆ ಖಾಲಿ ಮಾಡಿ. ನಾವು ಹಳೇ ಬಾಡಿಗೆದಾರರು, ಹಾಗಾಗಿ ನಮ್ಮ ಬಾಡಿಗೆ ಕೈಗೆಟಕುವಂತಿತ್ತು. ಹೊಸದಾಗಿ ಹುಡುಕಿದರೆ ಎಲ್ಲಿಯೂ ಆ ಬೆಲೆಗೆ ಸಿಗುವಂತಿರಲಿಲ್ಲ. ಬಾಡಿಗೆ ಕೈಮೀರಿದರೆ ಏನಾಗುತ್ತದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿ ಮಕ್ಕಳು ಊರಿಗೆ, ಗಂಡಸು ಬೆಡ್‌ಸ್ಪೇಸಿಗೆ. ಬೆಡ್‌ಸ್ಪೇಸ್ ಎಂದರೆ ಕೋಣೆಯಲ್ಲ, ನಾಲ್ಕೈದು ಜನರ ಕೋಣೆಯೊಳಗೆ ಒಂದು ಮಂಚ. ಹಾಗೆ ಹೋದ ಸಂಸಾರಗಳು ಮತ್ತೆ ಒಂದಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ನನಗಿದ್ದದ್ದು ಅದೊಂದೇ ಭಯ.

ಮರುದಿನ ಇವರು ಆಫೀಸಿನಿಂದ ಬರುವಾಗ ಮುಖ ಅರಳಿತ್ತು. "ನಮ್ಮ ಜಾಗದ ಅರ್ಜಿ ನೋಡಿದೆ ಮಾರಾಯ್ತಿ. ಭಾರೀ ಎತ್ತರದ ಕಟ್ಟಡ. ಈ ಏರಿಯಾ ಮೇಲೆ ಬರ್ತಾ ಉಂಟು."

"ಏರಿಯಾ ಮೇಲೆ, ನಾವು ಬೀದಿಗೆ. ನಿಮಗೆ ಖುಷಿ ಎಂತದ್ದು?" ಎಂದೆ.

"ನಿನಗೆ ಅರ್ಥ ಆಗುದಿಲ್ಲ. ಸುತ್ತಮುತ್ತ ಎಷ್ಟು ಪರ್ಮಿಟ್ ಬಂದಿದೆ ಗೊತ್ತುಂಟಾ? ಅಷ್ಟೂ ಮನೆ ಒಟ್ಟಿಗೆ ಬಂದರೆ ಬಾಡಿಗೆ ಬೀಳ್ಲೇಬೇಕು."

ಎದುರು ಮನೆಯಲ್ಲಿ ಉಳ್ಳಾಲ ಕಡೆಯ ಬ್ಯಾರಿ ಕುಟುಂಬವಿತ್ತು. ಆ ಮನೆಯಾಕೆ ನನ್ನನ್ನು ಅಕ್ಕ ಎಂದೇ ಕರೆಯುವುದು. ಹಿಂದಿನ ಬೀದಿಯಲ್ಲಿ ಒಂದೇ ಮಾಳಿಗೆಯಲ್ಲಿ ಎರಡು ಮನೆ ಖಾಲಿ ಇರುವುದನ್ನು ಕಂಡುಹಿಡಿದವಳು ಅವಳು. ಇಬ್ಬರೂ ಹೋಗಿ ನೋಡಿ ಬಂದೆವು. ಬಾಡಿಗೆ ಜಾಸ್ತಿಯೇ, ಆದರೆ ಹೊಟ್ಟೆ ಬಟ್ಟೆ ಕಟ್ಟಿದರೆ ಹೇಗೋ ಆಗುತ್ತಿತ್ತು. ಶಾಲೆಗೆ ನಡೆದೇ ಹೋಗಬಹುದು. ಅಡುಗೆಮನೆಗೆ ಕಿಟಕಿಯೂ ಇತ್ತು.

ಇವರು ಒಪ್ಪಲಿಲ್ಲ. "ಈಗ ತೆಗೊಂಡ್ರೆ ತಲೆ ಸರಿ ಇಲ್ಲ ಅಂತ ಲೆಕ್ಕ. ಇನ್ನೂ ಟೈಮ್ ಉಂಟಲ್ಲ" ಎಂದರು. ಎದುರು ಮನೆಯಾಕೆಗೂ ಅದನ್ನೇ ಹೇಳಿದರು. ಅವಳು ಕೇಳಿಸಿಕೊಂಡು, "ನೀವು ಹೇಳುದು ಸರಿ ಇರ್‍ಬಹುದು ಅಣ್ಣ. ನಮಗೆ ಮೂರು ಮಕ್ಕಳು, ಕಾಯ್ಲಿಕ್ಕೆ ಧೈರ್ಯ ಇಲ್ಲ" ಎಂದು ಮುಂದಿನ ವಾರವೇ ಸಾಮಾನು ಸಾಗಿಸಿದಳು. ಇನ್ನೊಂದು ಮನೆಗೆ ಯಾರೋ ಕೇರಳದವರು ಬಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಪರವಾನಗಿ ಓದುವವರು ಇವರು, ನಾನಲ್ಲವಲ್ಲ.

ಆ ವರ್ಷ ಶನಿವಾರಗಳ ಸುತ್ತಾಟ ನಿಲ್ಲಲಿಲ್ಲ. ನಗು ಮಾತ್ರ ನಿಂತಿತು. ಒಂದು ಬೇಲಿಯೊಳಗೆ ಗುಂಡಿ ತೋಡಿದ್ದರು. ಇನ್ನೊಂದರಲ್ಲಿ ಬರೀ ಬೋರ್ಡು. ಎದ್ದು ನಿಂತ ಒಂದೆರಡು ಕಟ್ಟಡಗಳಲ್ಲಿ ಒಂಟಿ ಕೋಣೆಯ ಸ್ಟುಡಿಯೋಗಳು, ಕಟ್ಟುವ ಮೊದಲೇ ಎಲ್ಲೋ ಕುಳಿತವರು ಅವನ್ನು ಕೊಂಡುಬಿಟ್ಟಿದ್ದರು. ಅರ್ಜಿಯಲ್ಲಿರುವ ಮನೆಯಲ್ಲಿ ಮಲಗಲಿಕ್ಕೆ ಆಗುವುದಿಲ್ಲ ಎಂದು ನಾನು ಹೇಳಿದೆ. "ಬರ್ತದೆ, ಬಂದೇ ಬರ್ತದೆ" ಎಂದರು ಇವರು. ಅಷ್ಟರಲ್ಲಿ ಬಾಡಿಗೆಗಳು ಮತ್ತೂ ಏರಿದವು. ಹಿಂದಿನ ಬೀದಿಯಲ್ಲಿ ನಾವು ಬೇಡವೆಂದ ಮನೆಯಂಥದ್ದು ಈಗ ನಮ್ಮ ಕೈಗೆ ನಿಲುಕುವುದಿಲ್ಲವೆಂದು ಕೊನೆಯ ತಿಂಗಳಲ್ಲಿ ಇವರಿಗೂ ಒಪ್ಪದೆ ವಿಧಿಯಿರಲಿಲ್ಲ. "ಖಲಾಸ್" ಎಂದು ಸೋಫಾದ ಮೇಲೆ ಕುಳಿತುಬಿಟ್ಟರು. ಆ ಸೋಫಾವನ್ನೂ ಮಾರಿ, ಮಗಳನ್ನು ಕರೆದುಕೊಂಡು ನಾನು ಮಂಗಳೂರಿಗೆ ಬಂದೆ. ಇವರು ಅಲ್ ಬರ್ಷಾದ ಒಂದು ಬೆಡ್‌ಸ್ಪೇಸಿಗೆ ಹೋದರು.

ಇಲ್ಲಿನ ಶಾಲೆಯಲ್ಲಿ ಮಗಳನ್ನು ದುಬೈಯವಳು ಎಂದೇ ಕರೆದರು. ಕನ್ನಡ ಪಾಠ ಓದಲು ಬಾರದೆ ಅಳುತ್ತಿದ್ದಳು. ದಿನಾ ಅಪ್ಪನಿಗೆ ಫೋನು, ಯಾವಾಗ ವಾಪಸ್ ಕರೆಸಿಕೊಳ್ಳುತ್ತೀರಿ ಎಂದು. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳಿಗೆ ಗೆಳತಿಯರಾದರು. ನನಗೆ ಅದರಿಂದ ನೆಮ್ಮದಿಯಾಗಬೇಕಿತ್ತು, ಸಂಕಟವಾಯಿತು.

ಮೊನ್ನೆ ಭಾನುವಾರ ಇವರು ವಿಡಿಯೊ ಕಾಲ್ ಮಾಡಿದರು. ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಇತ್ತು. ಬೆನ್ನ ಹಿಂದೆ ಎಂದಿನ ಬಂಕ್ ಮಂಚವಿಲ್ಲ, ಹೊಸ ಬಣ್ಣದ ಬರಿಗೋಡೆ. ಮಾತು ಖಾಲಿ ಕೋಣೆಯಲ್ಲಿ ಗುಂಯ್‌ಗುಡುತ್ತಿತ್ತು. "ಬಾಡಿಗೆ ಇಳೀಲಿಕ್ಕೆ ಶುರುವಾಯ್ತು. ನಾನು ಹೇಳಿದ್ದೆ ಅಲ್ವಾ? ಈ ಮನೆ ಅವಳ ಹಳೇ ಶಾಲೆಯ ಹತ್ತಿರವೇ. ಫೋನ್ ಅವಳಿಗೆ ಕೊಡು."

ಮಗಳಿಗೆ ಕೊಟ್ಟೆ. ಇವರು ಫೋನನ್ನು ಸುತ್ತ ತಿರುಗಿಸಿ ಅಡುಗೆಮನೆ, ಬಾಲ್ಕನಿ, ಕೊನೆಗೆ ಒಂದು ಚಿಕ್ಕ ಕೋಣೆ ತೋರಿಸಿದರು. "ಇದು ನಿನ್ನ ರೂಮು. ಈ ಗೋಡೆಗೆ ಮೇಜು ಹಾಕುವ." ಅವಳು ಕೊನೆಯವರೆಗೂ ನೋಡಿದಳು.

"ಚೆಂದ ಉಂಟು ಅಪ್ಪ. ಆದ್ರೆ ನಾನು ಬರುದಿಲ್ಲ. ನಂಗೆ ಇಲ್ಲಿ ಅಭ್ಯಾಸ ಆಯ್ತು. ಇನ್ನೊಂದ್ಸಲ ಶಾಲೆ ಬಿಡ್ಲಿಕ್ಕೆ ನಂಗೆ ಆಗುದಿಲ್ಲ."

ಫೋನು ನನ್ನ ಕೈಗಿತ್ತು ಒಳಗೆ ಹೋದಳು. ಅವಳನ್ನು ಬಿಟ್ಟು ನಾನೂ ಹೋಗುವಂತಿಲ್ಲ. ಅದು ಇವರಿಗೂ ಗೊತ್ತು. ಇವರು ಆ ಚಿಕ್ಕ ಕೋಣೆಯ ಲೈಟು ಆರಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡರು.

"ಈ ಸಲ ನಾನು ಕಾಯ್ಲಿಲ್ಲ ಮಾರಾಯ್ತಿ" ಎಂದರು ಕೊನೆಗೆ. "ಈ ಮನೆಗೆ ನಿನ್ನೆಯೇ ಸಹಿ ಹಾಕಿ ಆಯ್ತು."