ಹಲಗೆಯ ಕೆಳಗಿನ ನೀರು

ಒಂಬತ್ತು ದಿನವಿರಬೇಕು, ಹನ್ನೊಂದೂ ಇರಬಹುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡೂ ಇವೆ, ಎರಡೂ ನನ್ನದೇ ಕೈಬರಹ. ಹಳೇ ಹುಬ್ಬಳ್ಳಿಯ ಆ ಓಣಿಗೆ ನಲ್ಲಿ ನೀರು ಬಂದು ಅಷ್ಟು ದಿನವಾಗಿತ್ತು ಎನ್ನುವುದಷ್ಟೇ ಖಚಿತ.

ಅಲ್ಲಿನ ಚರ್ಚೊಂದನ್ನು ನೋಡಿಬರಲು ಭಾನುವಾರ ಬೆಳಿಗ್ಗೆ ಏಳೂವರೆಗೆ ಧಾರವಾಡದಲ್ಲಿ ಬಸ್ಸು ಹತ್ತಿದೆ. ಇಪ್ಪತ್ತು ಕಿಲೋಮೀಟರು, ಮುಕ್ಕಾಲು ಗಂಟೆ. ಏಪ್ರಿಲ್ ಬಿಸಿಲಿಗೆ ಕಿಟಕಿಯ ಸರಳು ಆಗಲೇ ಕಾದಿತ್ತು. ಹುಬ್ಬಳ್ಳಿಯಲ್ಲಿ ಇಳಿದು ಎಂಬತ್ತು ರೂಪಾಯಿಗೆ ಆಟೋ ಗೊತ್ತು ಮಾಡಿದೆ. "ಹೆಣ್ಮಗಳು ಪಾಸ್ಟರ್ ಇದ್ದಾರಲ್ಲ, ಆ ಚರ್ಚೇನ್ರಿ? ನಮ್ಮ ಮನಿಯಾಕಿ ನೀರಿಗೆ ಅಲ್ಲೇ ಹೋಗ್ತಾಳ" ಎಂದ ಆಟೋದವನು.

ತಗಡಿನ ಮಾಡಿನ ಸಣ್ಣ ಬ್ಯಾಪ್ಟಿಸ್ಟ್ ಸಭೆ ಅದು. ತಾರಿಹಾಳದ ಕಾರ್ಖಾನೆಗಳ ಹೆಂಗಸರಿಗೆ ಸಂಜೆ ಅಕ್ಷರ ಕಲಿಸುತ್ತಾರೆ, ಶನಿವಾರ ಹೊಲಿಗೆ. ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ನೀರಿನ ಟಾಕಿ, ಇಳಿದು ನಿಲ್ಲುವಂಥ ತೊಟ್ಟಿ. ದೊಡ್ಡವರಾಗಿ ತಾವೇ ಒಪ್ಪಿ ಬಂದವರನ್ನು ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುವುದು ಇವರ ಪದ್ಧತಿ. ಉಳಿದ ದಿನ ಆ ನೀರು ಓಣಿಯದು. ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ.

ಅಂದು ದೀಕ್ಷಾಸ್ನಾನ ಶಾಂತವ್ವನದು. ತಾರಿಹಾಳದಲ್ಲಿ ಪ್ಯಾಕಿಂಗ್ ಕೆಲಸ. ಹದಿನೈದು ವರ್ಷ ಸಭೆಯ ಕೊನೆಯ ಬೆಂಚಿನಲ್ಲೇ ಕೂತಿದ್ದು, ಈಗ ತಾನಾಗಿ ಕೇಳಿಕೊಂಡಿದ್ದಳು. ಅವಳನ್ನು ಸಾಕಿದ ಅಕ್ಕ ರತ್ನವ್ವ ಗದಗಿನಿಂದ ಬಂದಿದ್ದಳು. "ಕಣ್ಣಿಲೆ ನೋಡೇ ಹೋಗ್ತೇನ್ರಿ" ಎಂದು ನನಗೆ ಹೇಳಿದಳು. ಮೂರು ಗಂಟೆಗೆ ಅವಳ ರೈಲು, ಮರುದಿನ ಬೆಳಿಗ್ಗೆ ಡಯಾಲಿಸಿಸ್.

ಮೊದಲ ಹಾಡು ಮುಗಿಯುವಷ್ಟರಲ್ಲಿ ಎದುರು ಮನೆಯ ಖಾದರ್ ಚಾಚಾ ಬಾಗಿಲಲ್ಲಿ ನಿಂತರು.

"ಪಾಸ್ಟರಮ್ಮಾ, ನಮ್ಮ ತಮ್ಮ ತೀರಿ ಹೋಗಿಬಿಟ್ಟನ್ರಿ. ಮಯ್ಯತ್ ತೊಳಿಯಾಕ ನೀರಿಲ್ಲ, ಮಸೀದಿ ಟಾಕಿನೂ ಖಾಲಿ. ಮನಿತುಂಬ ಮಂದಿ. ಮಧ್ಯಾಹ್ನ ನಮಾಜಿಗೆ ಒಯ್ಯಬೇಕು." ಶಾಂತವ್ವನ ಬಿಳಿ ಸೀರೆ ನೋಡಿ ಅವರ ದನಿ ಇಳಿಯಿತು. "ಇವತ್ತ ನಿಮ್ಮದು ಐತಿ ಅಂತ ಗೊತ್ತಿರಲಿಲ್ಲ."

ಪಾಸ್ಟರ್ ಸುಶೀಲಾ ಕೋಲು ಇಳಿಸಿ ನೋಡಿದರು. ನೀರು ಸೊಂಟದವರೆಗೆ, ಒಬ್ಬರನ್ನು ಮುಳುಗಿಸುವಷ್ಟು ಮಾತ್ರ. ಕೊಟ್ಟರೆ ಉಳಿಯುವುದು ಮೊಣಕಾಲಿನಷ್ಟು. ದೀಕ್ಷಾಸ್ನಾನ ಮುಗಿಸಿ ಅದೇ ನೀರನ್ನು ಮಯ್ಯತ್ತಿಗೆ ಕೊಡುವುದು ಯಾರಿಗೂ ಸರಿಕಾಣಲಿಲ್ಲ. ಟ್ಯಾಂಕರ್ ಬರುವುದು ಸಂಜೆಗೆ.

"ಮೊಣಕಾಲ ನೀರಾಗ ಮಲಗಿಸಿ ಮಗ್ಗಲ ಹೊಳ್ಳಿಸಿದ್ರ ಆಗಂಗಿಲ್ಲೇನ್ರಿ?" ಎಂದರು ಹಿರಿಯ ದಾನಿಯೇಲಪ್ಪ.

"ರೊಟ್ಟಿ ಹೊಳ್ಳಸಾಕ ಹೊಂಟೀರೇನು? ಸುಮ್ನ ಕೂಡ್ರಿ" ಎಂದಳು ಅವರ ಹೆಂಡತಿ. ಜನ ನಕ್ಕರು. ರತ್ನವ್ವ ನಗಲಿಲ್ಲ.

"ಇದು ನನ್ನ ನೀರಲ್ಲ, ಸಭಿ ನೀರು" ಎಂದರು ಪಾಸ್ಟರ್. "ಕೊಡೋಣು ಅನ್ನೋರು ಕೈ ಎತ್ರಿ."

ಇಲ್ಲಿ ಬ್ಯಾಂಕಿನ ಸಾಹೇಬರಿಗೂ ಕಸ ಗುಡಿಸುವವಳಿಗೂ ಒಂದೊಂದೇ ಕೈ, ಪಾಸ್ಟರಿಗೂ ಅಷ್ಟೇ. ಕೈಗಳು ಎದ್ದವು, ಕೆಲವು ತಡವಾಗಿ. ಶಾಂತವ್ವನೂ ಎತ್ತಿದಳು.

"ನಿಂದು ಎಣಿಸಾಕ ಬರಂಗಿಲ್ಲವ್ವಾ" ಎಂದರು ದಾನಿಯೇಲಪ್ಪ ಮೆಲ್ಲಗೆ. "ಸ್ನಾನ ಆದಮ್ಯಾಲ ಸದಸ್ಯಳಾಗ್ತಿ."

"ಎಣಿಸಬ್ಯಾಡ್ರಿ ಕಾಕಾ. ಎತ್ತೇನಿ, ಅಷ್ಟ."

"ನಾ ಮತ್ತ ಬರ್ತೇನೋ ಇಲ್ಲೋ, ತಂಗಿ" ಎಂದಳು ರತ್ನವ್ವ.

ಶಾಂತವ್ವ ಸೀರೆ ಎತ್ತಿಕಟ್ಟಿ ತಾನೇ ಟಾಕಿಗೆ ಇಳಿದು ಕೊಡ ತುಂಬಿ ತುಂಬಿ ಮೇಲೆ ಕೊಟ್ಟಳು. ಅವಳ ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ನೀರು ಇಳಿಯುತ್ತಾ ಹೋಯಿತು. ಮೇಲೆ ಬಗ್ಗಿ ಕೊಡ ಇಸಿದುಕೊಂಡವಳು ರತ್ನವ್ವ ಎಂದು ನನ್ನ ನೆನಪು. ಆದರೆ ಡಯಾಲಿಸಿಸ್ ಸೂಜಿ ಚುಚ್ಚುವ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಬೇರೆ ಯಾರೋ ಇದ್ದಿರಬೇಕು. ಅವಳೇ ಆಗಿರಲಿ ಎಂದು ನಾನು ಬಯಸಿರಬೇಕು.

ಊಟಕ್ಕೆ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಭಜಿ. ಪಾಸ್ಟರ್ ಮತ್ತು ಹತ್ತು ಜನ ಎದುರು ಮನೆಗೆ ಹೋಗಿ ಕೂತರು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡೂವರೆಗೆ ಅಕ್ಕತಂಗಿಯರನ್ನು ಆಟೋದಲ್ಲಿ ಸ್ಟೇಷನ್ನಿಗೆ ಬಿಟ್ಟು ನಾನು ಧಾರವಾಡದ ಬಸ್ಸು ಹಿಡಿದೆ. ಅಕ್ಕನನ್ನು ರೈಲು ಹತ್ತಿಸಲು ಬಂದ ಶಾಂತವ್ವನ ಸೀರೆಯಂಚು ಆಗಲೂ ಒದ್ದೆಯಾಗಿತ್ತು.

ಅವಳ ದೀಕ್ಷಾಸ್ನಾನ ಯಾವಾಗ ಆಯಿತೋ, ಆಗ ರತ್ನವ್ವ ಅಲ್ಲಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರ ಫೋನ್ ನಂಬರನ್ನೂ ನಾನು ಕೇಳಿರಲಿಲ್ಲ.